ಎರಡನೇ ಆಲ್ಬಂ ಯಾಕಿಷ್ಟು ಕಷ್ಟ? ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ರಾಕ್ ಬ್ಯಾಂಡುಗಳ ಎರಡನೇ ಆಲ್ಬಂ ಬಗ್ಗೆಯೇ ಇದ್ದವು. ಒಬ್ಬರಿಗೆ ಉತ್ತರ ಕೊಟ್ಟರೆ ಇನ್ನೊಬ್ಬರಿಗೂ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಹಾಗಾಗಿ ಇವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಗಿಟಾರ್ ತಂತಿ, ಹೆಡ್‌ಫೋನ್ ವಗೈರೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ಯಾವ ಬ್ಯಾಂಡ್ ನೋಡಿದರೂ ಮೊದಲ ಆಲ್ಬಂ ಚೆನ್ನಾಗಿರುತ್ತದೆ, ಎರಡನೆಯದು ಸಪ್ಪೆ. ಇದು ನಿಜವಾ, ಇಲ್ಲ ನಮ್ಮ ಕಿವಿಯ ದೋಷವಾ?

ಎರಡೂ ಸ್ವಲ್ಪ ಸ್ವಲ್ಪ. ಮೊದಲ ಆಲ್ಬಂ ಕೇಳುವಾಗ ನಮಗೆ ಯಾವ ನಿರೀಕ್ಷೆಯೂ ಇರುವುದಿಲ್ಲ. ಎರಡನೆಯದಕ್ಕೆ ಮೊದಲನೆಯದನ್ನೇ ಅಳತೆಗೋಲು ಮಾಡಿಕೊಂಡು ಕೂರುತ್ತೇವೆ. ಅದು ನಮ್ಮ ಪಾಲಿನ ತಪ್ಪು.

ಉಳಿದದ್ದು ಕ್ಯಾಲೆಂಡರ್‌ನ ತಪ್ಪು. ಮೊದಲ ಆಲ್ಬಂನ ಹಾಡುಗಳು ಬ್ಯಾಂಡ್ ಶುರುವಾದಾಗಿನಿಂದ ಜೊತೆಗೇ ಇರುತ್ತವೆ. ಸಣ್ಣ ಕ್ಲಬ್ಬುಗಳಲ್ಲಿ, ಯಾರೂ ಸರಿಯಾಗಿ ಕೇಳಿಸಿಕೊಳ್ಳದ ಸಂಜೆಗಳಲ್ಲಿ, ನುಡಿಸಿ ನುಡಿಸಿ ಪಳಗಿರುತ್ತವೆ. ಜನ ಎದ್ದು ಹೋದ ಹಾಡು ತಾನಾಗಿ ಬಿದ್ದುಹೋಗಿರುತ್ತದೆ, ತಲೆ ಆಡಿಸಿದ ಹಾಡು ಉಳಿದಿರುತ್ತದೆ. ಸ್ಟುಡಿಯೋ ಬಾಗಿಲು ತೆಗೆಯುವ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಎರಡನೆಯದಕ್ಕೆ ಈ ಸೌಕರ್ಯ ಇಲ್ಲ. ಮೊದಲನೆಯದರ ಪ್ರಚಾರಕ್ಕೆ ಊರೂರು ಸುತ್ತುತ್ತಾ, ಬಸ್ಸಿನಲ್ಲಿ ಅರ್ಧ ನಿದ್ದೆ ಮಾಡುತ್ತಾ, ರಾತ್ರಿ ಹಳೆಯ ಹಾಡುಗಳನ್ನೇ ಮತ್ತೆ ಮತ್ತೆ ಹಾಡುತ್ತಾ, ಹೊಸದನ್ನು ಬರೆಯಬೇಕು. ಜೊತೆಗೆ ದುಡ್ಡಿನ ಒತ್ತಡ. ಕಂಪನಿ ಕೊಡುವ ಅಡ್ವಾನ್ಸ್ ಏನೂ ಉಡುಗೊರೆ ಅಲ್ಲ, ಕಲಾವಿದರ ರಾಯಲ್ಟಿಯಿಂದ ಅದನ್ನು ಮುರಿದುಕೊಳ್ಳುತ್ತಾರೆ. ಅದು ತೀರುವವರೆಗೆ ಆಲ್ಬಂ ಮಾರಾಟದ ರಾಯಲ್ಟಿ ಕೈಗೆ ಬರುವುದಿಲ್ಲ. ಎಷ್ಟೋ ಬ್ಯಾಂಡುಗಳು ಎರಡನೇ ಆಲ್ಬಂ ಶುರು ಮಾಡುವಾಗ ಮೊದಲನೆಯದರ ಲೆಕ್ಕವೇ ಚುಕ್ತಾ ಆಗಿರುವುದಿಲ್ಲ.

ಹಾಗಂತ ಅವಸರದಲ್ಲಿ ಮಾಡಿದ್ದೆಲ್ಲ ಕೆಡುತ್ತದೆ ಅಂತಲ್ಲ. ಲೆಡ್ ಜೆಪ್ಪೆಲಿನ್ ತನ್ನ ಮೊದಲ ಎರಡು ಆಲ್ಬಂಗಳನ್ನೂ 1969ರಲ್ಲೇ ಹೊರತಂದಿತು. ಮೊದಲನೆಯದು ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಸುಮಾರು 36 ಗಂಟೆಗಳ ಕೆಲಸ. ಎರಡನೆಯದನ್ನು ಟೂರ್ ನಡುವೆ ಎಲ್ಲಿ ಬಿಡುವು ಸಿಕ್ಕಿತೋ ಅಲ್ಲಿ ರೆಕಾರ್ಡ್ ಮಾಡಿದರು: ಲಂಡನ್, ಲಾಸ್ ಏಂಜಲೀಸ್, ನ್ಯೂಯಾರ್ಕ್, ವ್ಯಾಂಕೂವರ್. ಒಂದೇ ಹಾಡಿನ ಬೇರೆ ಬೇರೆ ತುಂಡುಗಳು ಬೇರೆ ಬೇರೆ ಊರಿನವು. ಅದನ್ನೆಲ್ಲ ಒಂದೇ ಕೋಣೆಯಲ್ಲಿ ನುಡಿಸಿದ ಹಾಗೆ ಕೇಳುವಂತೆ ಮಾಡಿದ್ದು ಬ್ಯಾಂಡಿನ ಗಿಟಾರಿಸ್ಟ್ ಜಿಮ್ಮಿ ಪೇಜ್ ಮತ್ತು ಎಂಜಿನಿಯರ್ ಎಡ್ಡಿ ಕ್ರೇಮರ್. ಅಮೆರಿಕದ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಅದು ಬೀಟಲ್ಸ್‌ನ ಆಬಿ ರೋಡ್ ಅನ್ನು ಕೆಳಗಿಳಿಸಿ ಮೊದಲ ಸ್ಥಾನಕ್ಕೆ ಬಂತು. ಅಲ್ಲಿ ಟೂರ್ ಹಾಡುಗಳನ್ನು ಕೆಡಿಸಲಿಲ್ಲ, ಬೆಳೆಸಿತು. ದಿನಾ ರಾತ್ರಿ ವೇದಿಕೆ ಮೇಲೆ ಹಿಗ್ಗಿಸಿ ನುಡಿಸಿದ ತುಣುಕುಗಳೇ ಹಾಡುಗಳಾದವು.

ಹಾಗಾಗಿ ಎರಡನೇ ಆಲ್ಬಂ ಕೇಳುವಾಗ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಮೊದಲನೆಯದಕ್ಕೂ ಇದಕ್ಕೂ ನಡುವೆ ಬ್ಯಾಂಡಿಗೆ ಏನಾಯಿತು? ಯಾರು ಬಿಟ್ಟರು, ಯಾರು ಬಂದರು, ಎಷ್ಟು ಸಮಯ ಸಿಕ್ಕಿತು, ದುಡ್ಡು ಯಾರದ್ದು? ಮುಕ್ಕಾಲು ಉತ್ತರ ಅಲ್ಲೇ ಇರುತ್ತದೆ. ಬರೀ ಶಾಪ, ಗ್ರಹಚಾರ ಅಂತ ಮಾತಾಡಿದರೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ನಿರ್ವಾಣ ಬ್ಯಾಂಡಿನ ಮೊದಲ ಆಲ್ಬಂ ನೆವರ್‌ಮೈಂಡ್ ಅಲ್ವಾ? ಗೆಳೆಯ ಅದು ಎರಡನೆಯದು ಅಂತ ವಾದ ಮಾಡ್ತಿದ್ದಾನೆ. ಇನ್ನೊಂದು, ನನ್ನ ಸಿಡಿಯಲ್ಲಿ ಕೊನೆಯ ಹಾಡು ಮುಗಿದ ಮೇಲೂ ಸಿಡಿ ಸುಮ್ನೆ ತಿರುಗ್ತಾನೇ ಇರುತ್ತೆ. ಹಾಳಾಗಿದೆಯಾ?

ಗೆಳೆಯನೇ ಗೆದ್ದ. ಮೊದಲನೆಯದು ಬ್ಲೀಚ್, 1989ರ ಜೂನ್‌ನಲ್ಲಿ ಸಿಯಾಟಲ್‌ನ ಸಬ್ ಪಾಪ್ ಎಂಬ ಸಣ್ಣ ಕಂಪನಿಯಿಂದ ಬಂದದ್ದು. ರೆಕಾರ್ಡಿಂಗ್ ಖರ್ಚು 606 ಡಾಲರ್ 17 ಸೆಂಟ್. ಆ ದುಡ್ಡು ಕೊಟ್ಟವರು ಜೇಸನ್ ಎವರ್‌ಮನ್. ಕವರ್ ಮೇಲೆ ಗಿಟಾರಿಸ್ಟ್ ಅಂತ ಅವರ ಹೆಸರೂ ಇದೆ, ಆದರೆ ಆಲ್ಬಂನಲ್ಲಿ ಅವರು ಒಂದು ಸ್ವರವನ್ನೂ ನುಡಿಸಿಲ್ಲ!

ಎರಡನೆಯದರ ಕಥೆ ಶುರುವಾಗುವುದು 1990ರ ಏಪ್ರಿಲ್‌ನಲ್ಲಿ, ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದ ಸ್ಮಾರ್ಟ್ ಸ್ಟುಡಿಯೋದಲ್ಲಿ. ಪ್ರೊಡ್ಯೂಸರ್ (ಅಂದರೆ ರೆಕಾರ್ಡಿಂಗ್ ನಡೆಸಿಕೊಡುವವರು) ಬುಚ್ ವಿಗ್. ಸಬ್ ಪಾಪ್‌ಗೇ ಎರಡನೇ ಆಲ್ಬಂ ಮಾಡುವುದು ಅಂತ ಅಂದುಕೊಂಡು ಕೆಲವು ಹಾಡು ರೆಕಾರ್ಡ್ ಮಾಡಿದರು. ಅದು ಆಲ್ಬಂ ಆಗಲಿಲ್ಲ. ಆ ಟೇಪು ಕೈಯಿಂದ ಕೈಗೆ ಹೋಗಿ ದೊಡ್ಡ ಕಂಪನಿಗಳ ಕಿವಿಗೆ ಬಿತ್ತು. ಡ್ರಮ್ಮರ್ ಚಾಡ್ ಚಾನಿಂಗ್ ಬ್ಯಾಂಡಿನಿಂದ ಹೊರಗೆ ಹೋದರು. ಆ ವರ್ಷ ಮುಗಿಯುವ ಮುಂಚೆ, ಸ್ಕ್ರೀಮ್ ಎಂಬ ಬ್ಯಾಂಡ್ ಒಡೆದುಹೋಗಿ ಕೆಲಸವಿಲ್ಲದೆ ಇದ್ದ ಡೇವ್ ಗ್ರೋಲ್ ಬಂದರು. ನನ್ನ ಪ್ರಕಾರ ಎರಡು ಆಲ್ಬಂಗಳ ನಡುವಿನ ಅತಿ ದೊಡ್ಡ ವ್ಯತ್ಯಾಸ ಇದೇ. ಬ್ಯಾಂಡಿನ ಗಾಯಕ ಕರ್ಟ್ ಕೋಬೇನ್ ಹಾಡು ಬರೆಯುವ ರೀತಿ ಆಗಲೇ ಬದಲಾಗುತ್ತಿತ್ತು. ಮೆತ್ತಗೆ ಶುರುವಾಗಿ ಇದ್ದಕ್ಕಿದ್ದಂತೆ ಸಿಡಿಯುವ ಹಾಡುಗಳು, ಅದನ್ನು ಪಿಕ್ಸೀಸ್ ಬ್ಯಾಂಡಿನಿಂದ ಎತ್ತಿಕೊಂಡೆ ಅಂತ ಅವರೇ ಮುಂದೆ ಒಪ್ಪಿಕೊಂಡರು. ಆದರೆ ಆ ಸಿಡಿತಕ್ಕೆ ಒಬ್ಬ ಗಟ್ಟಿ ಡ್ರಮ್ಮರ್ ಬೇಕಿತ್ತು. ಗ್ರೋಲ್ ಬಾರಿಸಿದರೆ ಗೋಡೆ ಅದುರಬೇಕು.

ಗೆಫೆನ್ ಎಂಬ ದೊಡ್ಡ ಕಂಪನಿಯ ಡಿಜಿಸಿ ಲೇಬಲ್ ಜೊತೆ ಒಪ್ಪಂದ ಆಯಿತು. 1991ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಸೌಂಡ್ ಸಿಟಿ ಸ್ಟುಡಿಯೋದಲ್ಲಿ ಮತ್ತೆ ಬುಚ್ ವಿಗ್ ಜೊತೆಗೇ ಕೂತರು. ಆ ಸ್ಟುಡಿಯೋ ನೋಡಲು ಏನೂ ಚಂದ ಇರಲಿಲ್ಲ. ಅದರ ದೊಡ್ಡ ಡ್ರಮ್ ಕೋಣೆ ಮತ್ತು ನೀವ್ ಕಂಪನಿಯ ಮಿಕ್ಸಿಂಗ್ ಕನ್ಸೋಲ್ (ಬೇರೆ ಬೇರೆ ಸದ್ದುಗಳನ್ನು ಹದಮಾಡುವ ಯಂತ್ರ), ಇವೆರಡಕ್ಕೇ ಜನ ಅಲ್ಲಿಗೆ ಹೋಗುತ್ತಿದ್ದರು. ಆ ಕನ್ಸೋಲ್ ಅನ್ನು ಎಷ್ಟೋ ವರ್ಷ ಆದ ಮೇಲೆ ಗ್ರೋಲ್ ಕೊಂಡುಕೊಂಡು ತಮ್ಮ ಸ್ಟುಡಿಯೋಗೆ ಒಯ್ದರು. ಕೋಬೇನ್‌ಗೆ ಒಂದೇ ಸಾಲನ್ನು ಎರಡೆರಡು ಸಲ ಹಾಡಿ ಒಂದರ ಮೇಲೊಂದು ಕೂರಿಸುವುದು ಇಷ್ಟ ಇರಲಿಲ್ಲ, ಅದು ಮೋಸ ಅನ್ನಿಸುತ್ತಿತ್ತು. ಬೀಟಲ್ಸ್‌ನ ಜಾನ್ ಲೆನನ್ ಕೂಡ ಹಾಗೇ ಮಾಡುತ್ತಿದ್ದರು ಅಂತ ವಿಗ್ ಹೇಳಿದ ಮೇಲೆ ತೆಪ್ಪಗೆ ಹಾಡಿದರು. ಪ್ರೊಡ್ಯೂಸರ್ ಅಂದರೆ ಏನು ಕೆಲಸ ಮಾಡುತ್ತಾರೆ ಅಂತ ಕೇಳುವವರಿಗೆ ನಾನು ಈ ಕಥೆಯನ್ನೇ ಹೇಳುವುದು. ಕೊನೆಯ ಮಿಕ್ಸ್ (ಎಲ್ಲ ವಾದ್ಯ, ದನಿಗಳನ್ನು ಹದವಾಗಿ ಬೆರೆಸುವ ಕೆಲಸ) ಮಾತ್ರ ವಿಗ್ ಅವರದ್ದಲ್ಲ. ಸ್ಲೇಯರ್ ಬ್ಯಾಂಡಿನ ಜೊತೆ ಕೆಲಸ ಮಾಡಿದ್ದ ಆಂಡಿ ವಾಲೇಸ್ ಅದನ್ನು ಮಾಡಿದರು. ಆ ಹೊಳಪು, ಡ್ರಮ್ಮಿನ ಆ ಗಾತ್ರ, ಬಹಳಷ್ಟು ಅವರ ಕೈಚಳಕ.

1991ರ ಸೆಪ್ಟೆಂಬರ್ 24ಕ್ಕೆ ಆಲ್ಬಂ ಬಂತು. ಅಮೆರಿಕದಲ್ಲಿ ಮೊದಲು ಅಂಗಡಿಗಳಿಗೆ ಕಳಿಸಿದ್ದು 46,251 ಪ್ರತಿ. ಅಂದರೆ ಕಂಪನಿಗೇ ದೊಡ್ಡ ನಂಬಿಕೆ ಇರಲಿಲ್ಲ. ಬಿಲ್‌ಬೋರ್ಡ್ ಪತ್ರಿಕೆಯ ಮಾರಾಟದ ಪಟ್ಟಿಗೆ ಬಂದದ್ದು 144ನೇ ಸ್ಥಾನದಲ್ಲಿ. 1992ರ ಜನವರಿ 11ರ ಪಟ್ಟಿಯಲ್ಲಿ ಮೈಕೆಲ್ ಜಾಕ್ಸನ್‌ರ ಡೇಂಜರಸ್ ಅನ್ನು ಹಿಂದೆ ಹಾಕಿ ಒಂದನೇ ಸ್ಥಾನ! ಇಲ್ಲಿಯವರೆಗೆ ಲೋಕದಲ್ಲೆಲ್ಲ ಸೇರಿ 3 ಕೋಟಿಗೂ ಹೆಚ್ಚು ಪ್ರತಿ ಹೋಗಿದೆ. ಜನ ಇದನ್ನೇ ಮೊದಲ ಆಲ್ಬಂ ಅಂದುಕೊಳ್ಳುವುದಕ್ಕೂ ಅದೇ ಕಾರಣ. ಮೊದಲನೆಯದು ಬಂದದ್ದು ಬಹುತೇಕರಿಗೆ ಗೊತ್ತೇ ಇರಲಿಲ್ಲ. ಹಾಗಾಗಿ ಎರಡನೇ ಆಲ್ಬಂನ ಹೆಸರಿನಲ್ಲಿ ಬರುವ ಒತ್ತಡ ಅವರಿಗೆ ಬಂದದ್ದು ಮೂರನೆಯದರಲ್ಲಿ. ನೆವರ್‌ಮೈಂಡ್ ವಿಪರೀತ ನಯವಾಯಿತು ಅಂತ ಕೋಬೇನ್ ಗೊಣಗಿದರು. 1993ರ ಇನ್ ಯುಟೆರೋಗೆ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಅಲ್ಬಿನಿಯನ್ನು ಕರೆದು, ಬೇಕಂತಲೇ ಒರಟಾಗಿ ಮಾಡಿಸಿದರು. ನನಗೆ ಆ ಒರಟೇ ಜಾಸ್ತಿ ಇಷ್ಟ. ಆದರೂ ಹೊಸಬರ ಕೈಗೆ ಕೊಡುವುದು ನೆವರ್‌ಮೈಂಡನ್ನೇ.

ಇನ್ನು ನಿಮ್ಮ ಸಿಡಿ. ಹಾಳಾಗಿಲ್ಲ, ಆಫ್ ಮಾಡದೆ ಸುಮಾರು 10 ನಿಮಿಷ ಕಾಯಿರಿ. ಕವರ್ ಮೇಲೆ ಹೆಸರೇ ಇಲ್ಲದ ಒಂದು ಹಾಡು ಕಿವಿ ಹರಿಯುವ ಹಾಗೆ ಶುರುವಾಗುತ್ತದೆ. ಬೇರೊಂದು ಹಾಡಿನ ರೆಕಾರ್ಡಿಂಗ್ ಸರಿ ಬಾರದೆ ಕೋಬೇನ್ ಸಿಟ್ಟಿಗೆದ್ದು ನುಡಿಸಿದ್ದು ಅದು, ಕೊನೆಗೆ ಗಿಟಾರನ್ನೇ ಒಡೆದು ಹಾಕಿದರು. ಮೊದಲು ಅಚ್ಚಾದ ಪ್ರತಿಗಳಲ್ಲಿ ಅದು ಅಕಸ್ಮಾತ್ತಾಗಿ ಬಿಟ್ಟುಹೋಗಿತ್ತು. ರಾತ್ರಿ ಹೊತ್ತು ಕಾಯುವುದಾದರೆ ವಾಲ್ಯೂಮ್ ಕಡಿಮೆ ಇಡಿ.

ಪ್ರಶ್ನೆ: ಬ್ಲ್ಯಾಕ್ ಸಬ್ಬತ್‌ನ ಪ್ಯಾರನಾಯ್ಡ್ ಕವರ್‌ನಲ್ಲಿ ಕತ್ತಿ ಗುರಾಣಿ ಹಿಡಿದವನೊಬ್ಬ ಇದ್ದಾನೆ. ಅವನಿಗೂ ಆ ಹೆಸರಿಗೂ ಏನು ಸಂಬಂಧ?

ಏನೂ ಸಂಬಂಧ ಇಲ್ಲ. ಆಲ್ಬಂಗೆ ವಾರ್ ಪಿಗ್ಸ್ ಅಂತ ಹೆಸರಿಡಬೇಕಿತ್ತು, ಚಿತ್ರ ಅದಕ್ಕೆ ತೆಗೆದದ್ದು. ಹಾಡುಗಳು ಸಾಕಾಗಲಿಲ್ಲ ಅಂತ ಕೊನೆ ಗಳಿಗೆಯಲ್ಲಿ ಗಿಟಾರಿಸ್ಟ್ ಟೋನಿ ಐಯೋಮಿ ಕೆಲವೇ ನಿಮಿಷಗಳಲ್ಲಿ ಒಂದು ಗಿಟಾರ್ ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಸಣ್ಣ ತುಣುಕು) ಹೊಸೆದರು. ಜಾಗ ತುಂಬಿಸಲು ಮಾಡಿದ ಆ ಹಾಡೇ ಸಿಂಗಲ್ ಆಗಿ, ಅಂದರೆ ಒಂಟಿ ಹಾಡಿನ ರೆಕಾರ್ಡ್ ಆಗಿ, ಓಡಿತು, ಆಲ್ಬಂ ಹೆಸರೂ ಅದೇ ಆಯಿತು, ಚಿತ್ರ ಮಾತ್ರ ಹಾಗೇ ಉಳಿಯಿತು. ಇದೂ ಎರಡನೇ ಆಲ್ಬಂ ಅನ್ನುವುದು ನೆನಪಿರಲಿ. ಮೊದಲನೆಯದನ್ನು ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದ್ದರು, ಅದು 1970ರ ಫೆಬ್ರವರಿಯಲ್ಲಿ ಬಂತು. ಪ್ಯಾರನಾಯ್ಡ್ ಅದೇ ಸೆಪ್ಟೆಂಬರ್‌ನಲ್ಲಿ! ಕೊರಗಲಿಕ್ಕೆ ಅವರಿಗೆ ಪುರುಸೊತ್ತು ಎಲ್ಲಿತ್ತು?

ಪ್ರಶ್ನೆ: ಅವಸರ ಇಲ್ಲದೆ ಬೇಕಾದಷ್ಟು ಸಮಯ ಕೊಟ್ಟರೆ ಎರಡನೇ ಆಲ್ಬಂ ಚೆನ್ನಾಗಿ ಬರುತ್ತದಾ?

ಸ್ಟೋನ್ ರೋಸಸ್ ಅವರ ಕಥೆ ಕೇಳಿ. ಮ್ಯಾಂಚೆಸ್ಟರ್‌ನ ಬ್ಯಾಂಡ್. 1989ರಲ್ಲಿ ಬಂದ ಮೊದಲ ಆಲ್ಬಂ ಬ್ರಿಟನ್ನಿನಲ್ಲಿ ಇವತ್ತಿಗೂ ದೊಡ್ಡ ಹೆಸರು. ಎರಡನೆಯದು, ಸೆಕೆಂಡ್ ಕಮಿಂಗ್, ಬಂದದ್ದು 1994ರ ಡಿಸೆಂಬರ್‌ನಲ್ಲಿ. ಐದೂವರೆ ವರ್ಷ. ಮೊದಲು ಹಳೆಯ ಕಂಪನಿ ಸಿಲ್ವರ್‌ಟೋನ್ ಜೊತೆ ಕೋರ್ಟ್ ಜಗಳ. ಆ ಒಪ್ಪಂದ ನ್ಯಾಯವಾದದ್ದಲ್ಲ ಅಂತ 1991ರಲ್ಲಿ ಕೋರ್ಟ್ ಬ್ಯಾಂಡಿನ ಪರವಾಗಿ ತೀರ್ಪು ಕೊಟ್ಟಿತು. ಅವರು ಗೆಫೆನ್‌ಗೆ ಹೋದರು, ದುಡ್ಡೂ ಬಂತು. ಆಮೇಲೆ ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಕೂತರು, ಕೂತೇ ಇದ್ದರು. ಮೊದಲ ಆಲ್ಬಂ ಮಾಡಿಕೊಟ್ಟಿದ್ದ ಪ್ರೊಡ್ಯೂಸರ್ ಜಾನ್ ಲೆಕಿ ನಡುವೆಯೇ ಕೈಬಿಟ್ಟು ಹೋದರು. ಆಲ್ಬಂ ಪೂರ್ತಿ ಕೆಟ್ಟದ್ದೇನೂ ಅಲ್ಲ, ಜಾನ್ ಸ್ಕ್ವೈರ್ ಗಿಟಾರ್ ಕೆಲವು ಕಡೆ ಅದ್ಭುತ. ಆದರೆ ಮೊದಲನೆಯದರಲ್ಲಿ ನಾಲ್ವರೂ ಸೇರಿ ತೂಗುತ್ತಿದ್ದ ಹಗುರತನ ಇಲ್ಲಿ ಇಲ್ಲ, ಗಿಟಾರ್ ಒಂದೇ ಮಾತಾಡುತ್ತದೆ. ಬಂದ ಕೆಲವೇ ತಿಂಗಳಿಗೆ ಡ್ರಮ್ಮರ್ ರೆನಿ ಹೋದರು, ಮರುವರ್ಷ ಸ್ಕ್ವೈರ್ ಹೋದರು, 1996 ಮುಗಿಯುವ ಮುಂಚೆ ಬ್ಯಾಂಡೇ ಮುಗಿಯಿತು.

ಮಜಾ ಏನು ಅಂದರೆ, ಅಲ್ಲಿಂದ ಎದ್ದು ಹೋದ ಅದೇ ಲೆಕಿ 1994ರಲ್ಲಿ ಇನ್ನೊಂದು ಎರಡನೇ ಆಲ್ಬಂಗೆ ಕೂತರು. ರೇಡಿಯೋಹೆಡ್‌ನ ದಿ ಬೆಂಡ್ಸ್. ಮೊದಲ ಆಲ್ಬಂನ ಒಂದೇ ಒಂದು ಹಾಡಿನಿಂದ ಆ ಬ್ಯಾಂಡ್ ಹೆಸರು ಮಾಡಿತ್ತು. ಒಂದೇ ಹಾಡಿನ ಬ್ಯಾಂಡ್ ಅಂತ ಜನ ಆಗಲೇ ಷರಾ ಬರೆದಾಗಿತ್ತು. ಅಂಥದ್ದೇ ಇನ್ನೊಂದು ಹಿಟ್ ಕೊಡಿ ಅಂತ ಕಂಪನಿ ತಲೆ ಮೇಲೆ ಕೂತಿತ್ತು. ಲಂಡನ್ನಿನ ಆರ್‌ಎಕೆ ಸ್ಟುಡಿಯೋದಲ್ಲಿ ವಾರಗಟ್ಟಲೆ ತಿಣುಕಿದರೂ ಕೆಲಸ ಮುಂದೆ ಹೋಗಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಟೂರ್ ಹೋದರು. ವೇದಿಕೆ ಮೇಲೆ ಹೊಸ ಹಾಡುಗಳು ಸಲೀಸಾಗಿ ಬಂದವು. ವಾಪಸ್ ಬಂದು ಉಳಿದದ್ದನ್ನು ಬೇಗ ಮುಗಿಸಿದರು. ಒಂದು ಹಾಡನ್ನಂತೂ ಲಂಡನ್ನಿನ ಅಸ್ಟೋರಿಯಾ ಸಭಾಂಗಣದಲ್ಲಿ ನುಡಿಸಿದ ಹಾಗೇ ಇಟ್ಟುಕೊಂಡರು. ಗಾಯಕ ಥಾಮ್ ಯಾರ್ಕ್ ಅವರ ದನಿಯನ್ನು ಮಾತ್ರ ಮತ್ತೆ ರೆಕಾರ್ಡ್ ಮಾಡಿದರು. ಆಲ್ಬಂ 1995ರ ಮಾರ್ಚ್‌ನಲ್ಲಿ ಬಂತು. ಒಂದೇ ಹಾಡಿನ ಬ್ಯಾಂಡ್ ಅನ್ನುವ ಮಾತು ನಿಧಾನಕ್ಕೆ ನಿಂತುಹೋಯಿತು.

ಒಬ್ಬನೇ ಪ್ರೊಡ್ಯೂಸರ್, ಎರಡು ಎರಡನೇ ಆಲ್ಬಂ. ಒಬ್ಬರು ವೇದಿಕೆ ಬಿಟ್ಟು ಒಳಗೇ ಕೂತರು, ಇನ್ನೊಬ್ಬರು ಸಿಕ್ಕಿಹಾಕಿಕೊಂಡಾಗ ಎದ್ದು ಹೊರಗೆ ಹೋದರು. ಬೇಕಾಗಿದ್ದದ್ದು ಸಮಯ ಅಲ್ಲ, ಕೇಳುವ ಜನ ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: ಬಂದಾಗ ಎಲ್ಲರೂ ಬೈದು, ಆಮೇಲೆ ಹೊಗಳಿದ ಎರಡನೇ ಆಲ್ಬಂ ಯಾವುದಾದರೂ ಇದೆಯಾ?

ವೀಜರ್ ಬ್ಯಾಂಡಿನ ಪಿಂಕರ್ಟನ್, 1996. ಮೊದಲನೆಯದು ತಮಾಷೆಯಾಗಿ, ನೀಟಾಗಿ ಇತ್ತು, ಚೆನ್ನಾಗಿ ಹೋಯಿತು. ಅಷ್ಟರಲ್ಲಿ ಬ್ಯಾಂಡಿನ ಗಾಯಕ ರಿವರ್ಸ್ ಕ್ವೋಮೋ ಹಾರ್ವರ್ಡ್‌ಗೆ ಓದಲು ಸೇರಿದರು, ಕಾಲಿನ ಶಸ್ತ್ರಚಿಕಿತ್ಸೆಯ ನೋವು, ಒಂಟಿತನ ಬೇರೆ. ಅದನ್ನೆಲ್ಲ ಮುಚ್ಚುಮರೆ ಇಲ್ಲದೆ ಹಾಡಿಗೆ ಸುರಿದರು, ಹೊರಗಿನ ಪ್ರೊಡ್ಯೂಸರ್ ಬೇಡ ಅಂತ ಬ್ಯಾಂಡೇ ಆಲ್ಬಂ ಮಾಡಿಕೊಂಡಿತು. ರೋಲಿಂಗ್ ಸ್ಟೋನ್ ಪತ್ರಿಕೆಯ ಓದುಗರು ಅದನ್ನು ಆ ವರ್ಷದ ಕೆಟ್ಟ ಆಲ್ಬಂಗಳ ಸಾಲಿಗೆ ಹಾಕಿದರು. ಕ್ವೋಮೋ ಎಷ್ಟು ನೊಂದರು ಅಂದರೆ, ಮುಂದಿನ ಆಲ್ಬಂ ಬರಲು 2001 ಆಯಿತು. ಅಷ್ಟರಲ್ಲಿ ಅದನ್ನು ಕೇಳಿ ಬೆಳೆದ ಹುಡುಗರೇ ಬ್ಯಾಂಡ್ ಕಟ್ಟಿದ್ದರು. ಈಗ ಅದನ್ನು ವೀಜರ್‌ನ ಅತ್ಯುತ್ತಮ ಅನ್ನುವವರೇ ಬಹಳ. ನನಗೆ ಕೆಲವು ಸಾಲುಗಳು ಇವತ್ತಿಗೂ ಮುಜುಗರ ತರುತ್ತವೆ, ಆದರೆ ಆ ಡ್ರಮ್ ಸದ್ದಿಗೆ ಎಲ್ಲ ಮಾಫಿ.

ಪ್ರಶ್ನೆ: ಇಂಡಿಯನ್ ಓಶನ್‌ನ ಕಂದೀಸಾ ಎರಡನೆಯದೋ ಮೂರನೆಯದೋ? ಒಂದೊಂದು ಕಡೆ ಒಂದೊಂದು ಥರ ಬರೆದಿದ್ದಾರೆ.

ಎಣಿಸುವ ರೀತಿಯಲ್ಲಿದೆ. ದೆಹಲಿಯ ಈ ಬ್ಯಾಂಡಿನ ಮೊದಲ ಆಲ್ಬಂ ಬಂದದ್ದು 1993ರಲ್ಲಿ, 1997ರ ಡೆಸರ್ಟ್ ರೇನ್ ವೇದಿಕೆ ಮೇಲೆ ನುಡಿಸಿದ್ದನ್ನೇ ರೆಕಾರ್ಡ್ ಮಾಡಿದ ಲೈವ್ ಆಲ್ಬಂ, 2000ದಲ್ಲಿ ಕಂದೀಸಾ. ಬಂದ ಆಲ್ಬಂಗಳ ಲೆಕ್ಕದಲ್ಲಿ ಮೂರನೆಯದು, ಸ್ಟುಡಿಯೋ ಆಲ್ಬಂ ಲೆಕ್ಕದಲ್ಲಿ ಎರಡನೆಯದು. ಅಂದರೆ ಎರಡು ಸ್ಟುಡಿಯೋ ಆಲ್ಬಂಗಳ ನಡುವೆ ಏಳು ವರ್ಷ. ಆದರೆ ಇವರು ಒಳಗೆ ಕೂತಿರಲಿಲ್ಲ, ನುಡಿಸುತ್ತಲೇ ಇದ್ದರು. ಆ ಪಳಗುವಿಕೆ ಆಲ್ಬಂನಲ್ಲಿ ಕೇಳುತ್ತದೆ. ಶೀರ್ಷಿಕೆ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಪ್ರಾರ್ಥನೆ. ಅಶೀಮ್ ಚಕ್ರವರ್ತಿ ತಬಲಾ ನುಡಿಸುತ್ತಲೇ ಹಾಡುವುದು, ಸುಶ್ಮಿತ್ ಸೇನ್ ಅವರ ಗಿಟಾರ್, ರಾಹುಲ್ ರಾಮ್ ಬೇಸ್, ಅಮಿತ್ ಕಿಲಾಮ್ ಡ್ರಮ್ಸ್. ಕೇಳಿಲ್ಲ ಅಂದರೆ ಇವತ್ತೇ ಕೇಳಿ.

ಪ್ರಶ್ನೆ: ನಮ್ಮದು ನಾಲ್ಕು ಜನರ ಬ್ಯಾಂಡ್. ಮೊದಲ ಆಲ್ಬಂ ಸುಮಾರಾಗಿ ಹೋಯಿತು. ಎರಡನೆಯದಕ್ಕೆ ಆರು ಹಾಡು ಇದೆ, ಅದರಲ್ಲಿ ಮೂರು ಮೊದಲ ಆಲ್ಬಂನಲ್ಲಿ ಬಿಟ್ಟುಹೋದವು. ಹಳೆಯದನ್ನು ಹಾಕಿದರೆ ನಾಚಿಕೆಗೇಡು ಅಂತ ಡ್ರಮ್ಮರ್ ಹೇಳ್ತಾನೆ. ಏನು ಮಾಡೋಣ?

ನಾಚಿಕೆ ಯಾಕೆ? ನೆವರ್‌ಮೈಂಡ್‌ನ ಐದು ಹಾಡುಗಳು ಮ್ಯಾಡಿಸನ್‌ನಲ್ಲಿ ಒಂದು ವರ್ಷ ಮುಂಚೆ ರೆಕಾರ್ಡ್ ಆಗಿದ್ದವು. ನಾಲ್ಕನ್ನು ಹೊಸ ಡ್ರಮ್ಮರ್ ಜೊತೆ ಮತ್ತೆ ನುಡಿಸಿದರು, ಒಂದನ್ನು ಹಳೆಯ ಟೇಪಿನಿಂದಲೇ ಎತ್ತಿ ಹಾಕಿದರು. ಕೇಳುಗರಿಗೆ ಹಾಡಿನ ವಯಸ್ಸು ಗೊತ್ತಾಗುವುದಿಲ್ಲ. ಆದರೆ ಅವು ಮೊದಲ ಸಲ ಯಾಕೆ ಬಿಟ್ಟುಹೋದವು ಅಂತ ಕೇಳಿಕೊಳ್ಳಿ. ಜಾಗ ಇಲ್ಲ ಅಂತ ಬಿಟ್ಟಿದ್ದರೆ ಇಟ್ಟುಕೊಳ್ಳಿ, ಚೆನ್ನಾಗಿಲ್ಲ ಅಂತ ಬಿಟ್ಟಿದ್ದರೆ ಈಗಲೂ ಚೆನ್ನಾಗಿರುವುದಿಲ್ಲ.

ಸ್ಟುಡಿಯೋ ಈಗಲೇ ಬುಕ್ ಮಾಡಬೇಡಿ. ಮುಂದಿನ ಕಾರ್ಯಕ್ರಮಗಳಲ್ಲಿ ಹೊಸ ಹಾಡುಗಳನ್ನು ಹಳೆಯವುಗಳ ನಡುವೆ ಸೇರಿಸಿ ನುಡಿಸಿ, ಇದು ಹೊಸ ಹಾಡು ಅಂತ ಪೀಠಿಕೆ ಹಾಕಬೇಡಿ. ಫೋನಿನಲ್ಲೇ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ. ಎಲ್ಲಿ ಜನ ಮಾತಾಡಲು ಶುರು ಮಾಡಿದರು ಅಂತ ಆ ಕೆಟ್ಟ ರೆಕಾರ್ಡಿಂಗ್‌ನಲ್ಲೇ ಗೊತ್ತಾಗುತ್ತದೆ, ಕತ್ತರಿ ಅಲ್ಲಿ ಹಾಕಬೇಕು. ಹತ್ತು ಹನ್ನೆರಡು ಹಾಡು ಕೈಯಲ್ಲಿದ್ದಾಗ ಒಂದು ಅಗ್ಗದ ಡೆಮೋ ಮಾಡಿ. ವೇಗ, ಶ್ರುತಿ, ಹಾಡಿನ ಉದ್ದ ಎಲ್ಲ ಅಲ್ಲೇ ತೀರ್ಮಾನ ಆಗಲಿ. ದುಬಾರಿ ಗಂಟೆಗಳಲ್ಲಿ ಜಗಳ ಆಡಬಾರದು. ಡ್ರಮ್ಸ್ ಮತ್ತು ಬೇಸ್ ಒಟ್ಟಿಗೆ ನುಡಿಸಿ ರೆಕಾರ್ಡ್ ಮಾಡಿ, ಬೇರೆ ಬೇರೆ ಮಾಡಿದರೆ ಕ್ಲಿಕ್ ಟ್ರ್ಯಾಕ್‌ಗೆ (ತಾಳ ತಪ್ಪದಿರಲು ಕಿವಿಗೆ ಹಾಕುವ ಟಿಕ್ ಟಿಕ್ ಸದ್ದು) ಕೂರುತ್ತದೆ, ಆದರೆ ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುವ ಜೀವ ಹೋಗುತ್ತದೆ. ಮಿಕ್ಸ್ ಮಾತ್ರ ನಿಮ್ಮ ನಾಲ್ವರಲ್ಲಿ ಯಾರೂ ಮಾಡಬೇಡಿ. ಎಲ್ಲರಿಗೂ ತಮ್ಮ ವಾದ್ಯವೇ ಕಡಿಮೆ ಕೇಳುತ್ತದೆ!

ಮತ್ತೆ ಯಾವುದಾದರೂ ಕಂಪನಿ ಮೊದಲನೆಯದನ್ನು ಹೊರತಂದಿದ್ದರೆ ಆ ಕರಾರು ಪತ್ರ ತೆಗೆದು ಓದಿ. ಮುಂದಿನ ಆಲ್ಬಂ ಬೇಕೋ ಬೇಡವೋ ಅಂತ ಹೇಳುವ ಹಕ್ಕು ಅವರ ಕೈಯಲ್ಲಿ ಇರುತ್ತದೆ ಎಂಬ ಷರತ್ತು ಅದರಲ್ಲಿ ಇರಬಹುದು. ಎಷ್ಟು ಆಲ್ಬಂವರೆಗೆ, ಎಷ್ಟು ದಿನದೊಳಗೆ ಅವರು ಹೇಳಬೇಕು, ಅಡ್ವಾನ್ಸ್ ಎಷ್ಟು ಉಳಿದಿದೆ ಅಂತ ನೋಡಿ, ಅರ್ಥ ಆಗದಿದ್ದರೆ ವಕೀಲರಿಗೆ ತೋರಿಸಿ. ಇದನ್ನು ಹಾಡು ರೆಕಾರ್ಡ್ ಮಾಡುವ ಮುಂಚೆ ಮಾಡಬೇಕು. ಡ್ರಮ್ಮರ್‌ನನ್ನೂ ಜೊತೆಗೆ ಕರೆದುಕೊಂಡು ಹೋಗಿ.